ಮೂರೇ ದಿನದಲ್ಲಿ ಮೊಣಕಾಲು ನೋವು ಇಳಿಸುವ ಪುಡಿ: ಶುಗರ್ ಇರುವ ಹಿರಿಯರ ಮನೆಯವರು ಓದಬೇಕಾದದ್ದು

ಸಿಂಧನೂರು ಕಡೆಯ ಹಳ್ಳಿಯೊಂದರಲ್ಲಿ ನಡೆದದ್ದು. ಅಜ್ಜಿಗೆ 64 ವರ್ಷ, ಶುಗರ್ ಬಂದು 11 ವರ್ಷ. ಕಾಲುವೆ ನೀರಿನ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿ ಮಾಡಿ ಎರಡೂ ಮೊಣಕಾಲು ಸವೆದಿದ್ದವು. ಸಂತೆಗೆ ಬರುವವನೊಬ್ಬ ‘ಯವ್ವಾ, ಮೂರು ದಿನದಾಗ ಎದ್ದು ಓಡಾಡ್ತಿ ನೋಡು’ ಎಂದು ಕಂದು ಬಣ್ಣದ ಪುಡಿಯ ಪೊಟ್ಟಣ ಕೊಟ್ಟ. ದಿನಾ ಬೆಳಿಗ್ಗೆ ಬಿಸಿನೀರಿನಲ್ಲಿ ಒಂದು ಚಮಚ. ಅವನ ಮಾತು ಸುಳ್ಳಾಗಲಿಲ್ಲ. ಮೂರನೇ ದಿನ ಅಜ್ಜಿ ಗೋಡೆ ಹಿಡಿಯದೆ ಎದ್ದು ಕಟ್ಟೆಗೆ ಬಂದು ಕೂತರು.

ಅನುಮಾನ ಬರಬೇಕಿದ್ದದ್ದು ಆವತ್ತೇ. ವರ್ಷಾನುಗಟ್ಟಲೆ ಸವೆದ ಕೀಲಿನ ನೋವನ್ನು ಯಾವ ಬೇರೂ ಎಲೆಯೂ ಮೂರು ದಿನದಲ್ಲಿ ಇಳಿಸುವುದಿಲ್ಲ. ಅಷ್ಟು ಬೇಗ ಬಾವು, ನೋವು ಎರಡನ್ನೂ ಇಳಿಸುವುದು ಸ್ಟಿರಾಯ್ಡ್. ಇಂಥ ಹೆಸರಿಲ್ಲದ ಪುಡಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್‌ಗಳು, ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಮತ್ತೆ ಮತ್ತೆ ಸಿಕ್ಕಿವೆ. ಎಲ್ಲವೂ ಅಗ್ಗದ ಗುಳಿಗೆಗಳು. ಅರೆದು ಶುಂಠಿ ಪುಡಿಯಲ್ಲಿ ಬೆರೆಸಿದರೆ ನಾಲಿಗೆಗೂ ಗೊತ್ತಾಗದು.

ಎರಡನೇ ತಿಂಗಳಿಗೆ ಅಜ್ಜಿಗೆ ಹಸಿವು ಹೆಚ್ಚಿತು, ಮುಖ ದುಂಡಗಾಯಿತು. ‘ಮೈ ತುಂಬಿಕೊಂಡಾರ’ ಎಂದು ಮನೆಯವರಿಗೆ ಸಮಾಧಾನ. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತಿದ್ದರೂ ವಯಸ್ಸಿನ ಮೇಲೆ ಹಾಕಿದರು. ತಿಂಗಳ ತಪಾಸಣೆಯಲ್ಲಿ ಖಾಲಿ ಹೊಟ್ಟೆಯ ಶುಗರ್ 134 ಬಂತು, ಎಲ್ಲರೂ ಸುಮ್ಮನಾದರು.

ಮೋಸವಾದದ್ದು ಈ 134ರಲ್ಲಿ. ಬೆಳಿಗ್ಗೆ ತೆಗೆದುಕೊಂಡ ಪ್ರೆಡ್ನಿಸೋಲೋನ್‌ನಂಥ ಸ್ಟಿರಾಯ್ಡ್ ಶುಗರ್ ಏರಿಸುವುದು ಮಧ್ಯಾಹ್ನದಿಂದ ರಾತ್ರಿಯವರೆಗೆ. ರಾತ್ರಿ ಕಳೆಯುವಷ್ಟರಲ್ಲಿ ಅದರ ಜೋರು ಇಳಿದಿರುತ್ತದೆ, ಬೆಳಿಗ್ಗೆಯ ರಕ್ತದಲ್ಲಿ ಗುಟ್ಟು ಸಿಗುವುದಿಲ್ಲ. ಆದ್ದರಿಂದ ನೋವಿಗೆ ಹೊಸದೇನಾದರೂ ಶುರು ಮಾಡಿದ್ದರೆ ಮಧ್ಯಾಹ್ನದ ಊಟವಾದ ಎರಡು ಗಂಟೆಗೆ ಒಮ್ಮೆ, ರಾತ್ರಿ ಊಟಕ್ಕೆ ಮುಂಚೆ ಇನ್ನೊಮ್ಮೆ ನೋಡಿ. ಹಿಂದಿನ ಎರಡು–ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಕೂಡ ಮಾಡಿಸಿ.

ಮೂರನೇ ತಿಂಗಳು ಹಿಮ್ಮಡಿಯಲ್ಲಿ ಗುಳ್ಳೆ ಎದ್ದು ಒಡೆಯಿತು. ಬಿಸಿ ಉಸುಕಿನ ಗಂಟಿನಿಂದ ಮೊಣಕಾಲಿಗೆ ಕಾವು ಕೊಟ್ಟು, ಅದೇ ಗಂಟನ್ನು ಪಾದದ ಕೆಳಗೆ ಇಟ್ಟಿದ್ದರು. ಶುಗರ್‌ನಿಂದ ಜೋಮು ಹಿಡಿದ ಪಾದಕ್ಕೆ ಸುಡುವುದು ತಿಳಿಯಲಿಲ್ಲ. ಸ್ಟಿರಾಯ್ಡ್ ಇದ್ದುದರಿಂದ ಗಾಯ ಮಾಯಲೂ ಇಲ್ಲ. ಆಸ್ಪತ್ರೆಗೆ ಹೋದಾಗ ಮಧ್ಯಾಹ್ನದ ಶುಗರ್ 428. ಇನ್ಸುಲಿನ್ ಶುರುವಾಯಿತು. ಪುಡಿಯ ಮಾತು ಮಾತ್ರ ಯಾರೂ ಎತ್ತಲಿಲ್ಲ. ಗಿಡಮೂಲಿಕೆ ತಾನೇ, ವೈದ್ಯರ ಮುಂದೆ ಅದನ್ನೇನು ಹೇಳುವುದು ಎಂಬ ಲೆಕ್ಕ.

ಮನೆಗೆ ಬಂದ ಮೇಲೆ ಮಗನಿಗೆ ಅನುಮಾನ ಬಂದು ಪುಡಿಯನ್ನು ತಿಪ್ಪೆಗೆ ಎಸೆದ. ಆತ ಒಳ್ಳೆಯದಕ್ಕೇ ಮಾಡಿದ್ದು, ಆದರೆ ಅಜ್ಜಿಯ ಜೀವಕ್ಕೆ ಕುತ್ತು ಬಂದದ್ದು ಅದರಿಂದಲೇ. ನಾಲ್ಕನೇ ದಿನ ಸುಸ್ತು, ವಾಂತಿ, ಎದ್ದರೆ ಕಣ್ಣು ಕತ್ತಲೆ. ಬಿಪಿ ಮೇಲಿನದು 84, ಶುಗರ್ 52. ರಾಯಚೂರಿಗೆ ಒಯ್ದು ದಾಖಲು ಮಾಡಬೇಕಾಯಿತು.

ಆದದ್ದು ಇಷ್ಟು. ನಮ್ಮ ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ದಿನಾ ಕಾರ್ಟಿಸೋಲ್ ತಯಾರಿಸುತ್ತವೆ. ಬಿಪಿ, ಶುಗರ್ ಕುಸಿಯದಂತೆ ಹಿಡಿದಿಡುವ, ಮೈಯದ್ದೇ ಸ್ಟಿರಾಯ್ಡ್ ಅದು. ಸ್ಟಿರಾಯ್ಡ್ ಹೊರಗಿನಿಂದ ಮೂರು–ನಾಲ್ಕು ವಾರ ದಾಟಿ ಬರುತ್ತಿದ್ದರೆ ಅವು ಕೆಲಸ ನಿಲ್ಲಿಸಬಹುದು. ಪುಡಿ ಥಟ್ಟನೆ ನಿಂತಾಗ ಅವು ಅಷ್ಟೇ ಬೇಗ ಏಳುವುದಿಲ್ಲ, ಬಿಪಿಯೂ ಶುಗರ್ರೂ ಕುಸಿಯುತ್ತವೆ. ಅದರ ಮೇಲೆ ಇಲ್ಲಿ ಇನ್ಸುಲಿನ್ ಅಳತೆಯನ್ನು 428ಕ್ಕೆ ತಕ್ಕಂತೆ ಇಟ್ಟಿದ್ದರು. ಶುಗರ್ ಏರಿಸುತ್ತಿದ್ದ ಪುಡಿ ಹೋಯಿತು, ಇಳಿಸುವ ಇನ್ಸುಲಿನ್ ಅಷ್ಟೇ ಉಳಿಯಿತು. ಕೊನೆಗೆ ಬೆಳಿಗ್ಗೆ 8 ಗಂಟೆಯ ಕಾರ್ಟಿಸೋಲ್ ಪರೀಕ್ಷೆ ಮಾಡಿಸಿ, ಲೆಕ್ಕದ ಸ್ಟಿರಾಯ್ಡನ್ನೇ ಮತ್ತೆ ಕೊಟ್ಟು, ವಾರ ವಾರಕ್ಕೆ ಸ್ವಲ್ಪ ಸ್ವಲ್ಪವೇ ಇಳಿಸಿದರು.

ಹಾಗಾಗಿ ಇಂಥ ಪುಡಿ ವಾರಗಟ್ಟಲೆ ತಿಂದವರಿದ್ದರೆ ಮನೆಯಲ್ಲೇ ನಿಲ್ಲಿಸಬೇಡಿ. ಪೊಟ್ಟಣ ಹಿಡಿದು ಅದೇ ದಿನ ವೈದ್ಯರ ಹತ್ತಿರ ಹೋಗಿ. ಎಷ್ಟು ವಾರ ತಿಂದದ್ದು, ದಿನಕ್ಕೆ ಎಷ್ಟು ಚಮಚ, ಕೊನೆಯ ಸಲ ಯಾವಾಗ, ಈ ಮೂರನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಬೈಯುತ್ತಾರೆ ಎಂದು ಮುಚ್ಚಿಡಬೇಡಿ. ವಾಂತಿ, ತಲೆಸುತ್ತು ಬಂದಿದ್ದರೆ ಮರುದಿನದವರೆಗೆ ಕಾಯುವ ಮಾತೇ ಇಲ್ಲ.

ಆಯುರ್ವೇದ ಔಷಧಿಯೆಲ್ಲ ಇಂಥದ್ದೇ ಅಂತಲ್ಲ. ನಿಜವಾದ ಔಷಧಿಯ ಡಬ್ಬಿಯ ಮೇಲೆ ಏನೇನು ಹಾಕಿದ್ದಾರೆ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಕರ ವಿಳಾಸ ಅಚ್ಚಾಗಿರಬೇಕು. ಬರೀ ಪ್ಲಾಸ್ಟಿಕ್ ಚೀಲಕ್ಕೆ ರಬ್ಬರ್ ಸುತ್ತಿ ಕೊಟ್ಟರೆ ಕೈ ಹಿಂದಕ್ಕೆ ತೆಗೆಯಿರಿ. ‘ಶುಗರ್ರೂ ಬುಡಸಮೇತ ಹೋಗುತ್ತೆ’ ಎಂದು ಬೋರ್ಡ್ ಹಾಕಿದವರಿಂದಲೂ ದೂರವಿರಿ. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆಂಬ ಜಾಹೀರಾತಿಗೆ 1954ರ ಕಾಯ್ದೆಯಲ್ಲೇ ನಿಷೇಧವಿದೆ.

ಎಲುಬಿನ ವೈದ್ಯರು ಕೀಲಿಗೇ ಮಾಡುವ ಸ್ಟಿರಾಯ್ಡ್ ಸೂಜಿಯ ಮಾತು ಬೇರೆ, ಅದು ಅಳತೆಯ ಔಷಧಿ. ಆದರೂ ಶುಗರ್ ಇದೆ ಎಂದು ಮೊದಲೇ ಹೇಳಿ. ಸೂಜಿಯ ನಂತರ ಒಂದರಿಂದ ಮೂರು ದಿನ ಶುಗರ್ ಚೆನ್ನಾಗಿಯೇ ಏರುತ್ತದೆ, ಕೆಲವರಿಗೆ ಒಂದು ವಾರ ಎಳೆಯುತ್ತದೆ. ಆ ವಾರ ದಿನಕ್ಕೆ ಎರಡು–ಮೂರು ಸಲ ಗ್ಲುಕೋಮೀಟರ್‌ನಲ್ಲಿ ನೋಡಿ ಬರೆದಿಡಿ. ಮುಂದೆ ಮೊಣಕಾಲು ಕೀಲು ಬದಲಿಸುವ ಆಪರೇಷನ್ ಇದ್ದರೆ ಸೂಜಿಗೂ ಅದಕ್ಕೂ ಮೂರು ತಿಂಗಳ ಅಂತರ ಬೇಕು, ಇಲ್ಲದಿದ್ದರೆ ಸೋಂಕಿನ ಭಯ.

ಮೆಡಿಕಲ್‌ನಿಂದ ಚೀಟಿಯಿಲ್ಲದೆ ತರುವ ನೋವಿನ ಗುಳಿಗೆ ಹೊಡೆಯುವುದು ಮೂತ್ರಪಿಂಡಕ್ಕೆ. ಟೆಲ್ಮಿಸಾರ್ಟನ್ ಥರದ ಬಿಪಿ ಗುಳಿಗೆ, ಮೂತ್ರ ಹೆಚ್ಚಿಸುವ ಗುಳಿಗೆ, ಅದರ ಜೊತೆ ಡೈಕ್ಲೋಫೆನಾಕ್ ಅಥವಾ ಅಸೆಕ್ಲೋಫೆನಾಕ್, ಈ ಮೂರು ಸೇರಿದರೆ ಅಪಾಯ ದೊಡ್ಡದು. ಅದರಲ್ಲೂ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ, ಮೈಯಲ್ಲಿ ನೀರಿಲ್ಲದಾಗ. ಮೂತ್ರಪಿಂಡ ಹೇಗಿದೆ ಎಂದು ಹೇಳುವ ಪರೀಕ್ಷೆಗಳನ್ನು, ಅಂದರೆ ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್ ನೋಡಿಸದೆ ಇವನ್ನು ಮುಟ್ಟಬೇಡಿ. ಮೂತ್ರಪಿಂಡ ಸೋತರೆ ಶುಗರ್ ಗುಳಿಗೆ ಮೆಟ್‌ಫಾರ್ಮಿನ್ ಕೂಡ ಇಳಿಸಬೇಕಾಗುತ್ತದೆ ಅಥವಾ ಬಿಡಬೇಕಾಗುತ್ತದೆ. ಮೊಣಕಾಲಿನ ಮೇಲೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ರಕ್ತಕ್ಕೆ ಇಳಿಯುವುದು ಬಹಳ ಕಡಿಮೆ, ವೈದ್ಯರನ್ನು ಕೇಳಿ ಮೊದಲು ಅದನ್ನು ನೋಡಬಹುದು.

ಕಾವು ಕೊಡುವುದಾದರೆ ಮೊಣಕಾಲಿಗಷ್ಟೇ, ಬಟ್ಟೆ ಸುತ್ತಿ, ಹತ್ತು–ಹದಿನೈದು ನಿಮಿಷ. ಬಿಸಿಯನ್ನು ಮನೆಯ ಇನ್ನೊಬ್ಬರು ಮೊಣಕೈಯಿಂದ ಮುಟ್ಟಿ ನೋಡಬೇಕು. ಪಾದಕ್ಕೆ ಬೇಡವೇ ಬೇಡ. ಔಡಲ ಎಣ್ಣೆ ಹಚ್ಚಿದರೆ ತೊಂದರೆಯಿಲ್ಲ. ಎಕ್ಕದ ಎಲೆ ಕಟ್ಟಬೇಡಿ, ಅದರ ಹಾಲು ಚರ್ಮ ಸುಡುತ್ತದೆ.

ನೋವು ನಿಧಾನವಾಗಿ, ಆದರೆ ನಿಜವಾಗಿ ಇಳಿಯುವುದು ತೊಡೆಯ ಸ್ನಾಯು ಗಟ್ಟಿಯಾದಾಗ. ಮಂಚದ ಮೇಲೆ ಕಾಲು ಚಾಚಿ, ಮೊಣಕಾಲ ಕೆಳಗೆ ಟವೆಲ್ ಸುರುಳಿ ಇಟ್ಟು, ಅದನ್ನು ಕೆಳಕ್ಕೆ ಒತ್ತಿ ಐದು ಸೆಕೆಂಡು ಹಿಡಿದು ಬಿಡಬೇಕು. ಒಂದೊಂದು ಕಾಲಿಗೆ ಹತ್ತು ಸಲ, ದಿನಕ್ಕೆರಡು ಹೊತ್ತು. ಗುಣ ಕಾಣಲು ಆರರಿಂದ ಎಂಟು ವಾರ ಬೇಕು. ತೂಕ ಒಂದು ಕೆ.ಜಿ. ಇಳಿದರೂ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಸುಮಾರು ನಾಲ್ಕು ಕೆ.ಜಿ. ಭಾರ ತಗ್ಗುತ್ತದೆ. ಕೋಲು ಹೆಚ್ಚು ನೋಯುವ ಕಾಲಿನ ಎದುರು ಕೈಯಲ್ಲಿರಲಿ, ಬಹಳ ಮಂದಿ ನೋಯುವ ಕಡೆಗೇ ಹಿಡಿಯುತ್ತಾರೆ. ರಾತ್ರಿ ಮಲಗುವ ಮುಂಚೆ ಮನೆಯವರು ಯಾರಾದರೂ ಎರಡೂ ಪಾದ ಎತ್ತಿ, ಬೆಳಕಿನಲ್ಲಿ ಹಿಮ್ಮಡಿ, ಬೆರಳ ಸಂದಿ ನೋಡಿಬಿಡಿ.