ರೈಲಿನಿಂದ ಇಳಿದು ಕಡಲಿನವರೆಗೆ: ಮುಂಬೈಯ ಮೂರು ನಡಿಗೆಗಳು

ಅಮ್ಮ ಕರಾವಳಿಯ ನಮ್ಮೂರು ಗಂಗೊಳ್ಳಿಯಿಂದ ಬಂದರೆ ಎರಡನೆಯ ದಿನಕ್ಕೇ ಕಡಲು ಕೇಳುತ್ತಾಳೆ. ಟ್ಯಾಕ್ಸಿ ಅವಳಿಗೆ ಒಗ್ಗುವುದಿಲ್ಲ, ಲೋಕಲ್ ರೈಲೇ ಆಗಬೇಕು. ಆದರೆ ಮೊಣಕಾಲು ನೋವು. ಹಾಗಾಗಿ ರೈಲಿಳಿದ ಮೇಲೆ ನೀರು ಎಷ್ಟು ದೂರ, ಎಷ್ಟು ಮೆಟ್ಟಿಲು, ಮರಳಿ ಬರುವಾಗ ಕೂರಲು ಜಾಗ ಸಿಗುತ್ತದೆಯೇ ಎಂಬುದನ್ನೇ ಮುಂದಿಟ್ಟುಕೊಂಡು ಈ ಚಳಿಗಾಲದಲ್ಲಿ ಮೂರು ದಾರಿಗಳನ್ನು ನಡೆದು ನೋಡಿದೆವು. ನಾವಿರುವ ಗೋರೆಗಾಂವ್‌ನಿಂದ ಮೂರಕ್ಕೂ ರೈಲು ಬದಲಿಸದೆ ಹೋಗಬಹುದು. ಬಾಂದ್ರಾ ಬ್ಯಾಂಡ್‌ಸ್ಟ್ಯಾಂಡನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅಲ್ಲಿ ನಿಲ್ದಾಣದಿಂದ ಕಡಲಿಗೆ ರಿಕ್ಷಾ ಹಿಡಿಯಲೇಬೇಕು.

ಮೊದಲನೆಯದು ಎಲ್ಲರಿಗೂ ಗೊತ್ತಿರುವ ಮರೀನ್ ಡ್ರೈವ್. ಜನ ಸಾಮಾನ್ಯವಾಗಿ ಚರ್ಚ್‌ಗೇಟ್‌ನಲ್ಲಿ ಇಳಿದು ಗಿರಗಾಂವ್ ಚೌಪಾಟಿಯ ಕಡೆಗೆ ನಡೆಯುತ್ತಾರೆ. ನಾವೂ ಮೊದಲ ಸಲ ಹಾಗೆಯೇ ಮಾಡಿದೆವು. ಸುಮಾರು ಎರಡು ಕಿಲೋಮೀಟರ್ ನಡೆದು ದಣಿದ ಅಮ್ಮ ಚರ್ನಿ ರೋಡ್ ನಿಲ್ದಾಣದ ಮೇಲ್ಸೇತುವೆಯ ಮೆಟ್ಟಿಲುಗಳನ್ನು ಕಂಬಿ ಹಿಡಿದು ಹತ್ತಬೇಕಾಯಿತು. ಮೇಲೆ ಹೋದರೆ ಬಂದ ರೈಲು ಆಗಲೇ ತುಂಬಿತ್ತು. ಎರಡನೆಯ ಸಲ ದಾರಿಯನ್ನು ತಿರುಗಿಸಿದೆ. ಚರ್ನಿ ರೋಡ್‌ನಲ್ಲಿ ಇಳಿದು, ಕಾಲಿನಲ್ಲಿ ಕಸುವಿರುವಾಗಲೇ ಮೆಟ್ಟಿಲು ಮುಗಿಸಿ, ಚೌಪಾಟಿಯಿಂದ ಚರ್ಚ್‌ಗೇಟ್‌ಗೆ ಬಂದೆವು. ಚರ್ಚ್‌ಗೇಟ್ ಕೊನೆಯ ನಿಲ್ದಾಣ. ಹಳಿ ಅಲ್ಲಿಗೇ ಮುಗಿಯುವುದರಿಂದ ಮೇಲ್ಸೇತುವೆ ಹತ್ತದೆ ಪ್ಲಾಟ್‌ಫಾರ್ಮಿಗೆ ಹೋಗಬಹುದು, ರೈಲು ಅಲ್ಲಿಂದಲೇ ಹೊರಡುವುದರಿಂದ ಸ್ವಲ್ಪ ಕಾದರೆ ಕಿಟಕಿಯ ಸೀಟೂ ಸಿಗುತ್ತದೆ. ಅದೇ ಕಡಲು, ಅದೇ ದೂರ. ಆದರೆ ಆ ದಿನ ಅಮ್ಮ ಮನೆಗೆ ಬಂದು ತಾನೇ ಚಹಾಕ್ಕೆ ನೀರಿಟ್ಟಳು.

ಈ ದಾರಿಯ ದೊಡ್ಡ ಗುಣವೆಂದರೆ ರೈಲು ಜೊತೆ ಬಿಡುವುದಿಲ್ಲ. ಪಶ್ಚಿಮ ರೈಲ್ವೆಯ ಹಳಿ ಕಡಲಿನ ಉದ್ದಕ್ಕೇ ಸಾಗುತ್ತದೆ, ನಡುವೆ ಜಿಮ್‌ಖಾನಾಗಳ ಮೈದಾನಗಳು. ಅರ್ಧದಲ್ಲಿ ಸಾಕೆನಿಸಿದರೆ ಮರೀನ್ ಲೈನ್ಸ್ ನಿಲ್ದಾಣವಿದೆ. ಕೂರಲು ಉದ್ದಕ್ಕೂ ಕಟ್ಟೆಯಿದೆ. ಚೌಪಾಟಿಯಲ್ಲಿ ಲೋಕಮಾನ್ಯ ತಿಲಕರ ಪ್ರತಿಮೆಯ ಮುಂದೆ ಅಮ್ಮ ಚಪ್ಪಲಿ ಬಿಟ್ಟು ನಿಂತಳು. 1920ರಲ್ಲಿ ಅವರ ಅಂತ್ಯಸಂಸ್ಕಾರ ನಡೆದದ್ದು ಈ ಮರಳಿನ ಮೇಲೆಯೇ. ಡಿಸೆಂಬರಿನಲ್ಲಿ ಸೂರ್ಯ ನೇರ ನೀರಿಗೆ ಇಳಿಯುತ್ತಾನೆ, ಬೇಸಿಗೆ ಏರಿದಂತೆ ಮಲಬಾರ್ ಹಿಲ್ ಕಡೆಗೆ ಸರಿಯುತ್ತಾನೆ. ಕೊನೆಗೆ ಬ್ರೆಬೋರ್ನ್ ಕ್ರೀಡಾಂಗಣದ ಬದಿಯ ಕೆ. ರುಸ್ತುಂ ಅಂಗಡಿಯಲ್ಲಿ ಎರಡು ಬಿಸ್ಕತ್ತುಗಳ ನಡುವೆ ಐಸ್‌ಕ್ರೀಂ ಇಟ್ಟು ಕೊಡುತ್ತಾರೆ. ಕೊರತೆ ಎಂದರೆ ನೆರಳು. ನಾಲ್ಕೂವರೆಗೆ ಮೊದಲು ಹೋಗಬಾರದು. ಇನ್ನೊಂದು, ಇಲ್ಲಿ ಕಡಲನ್ನು ಮುಟ್ಟಲಾಗುವುದು ಚೌಪಾಟಿಯಲ್ಲಿ ಮಾತ್ರ. ಉಳಿದೆಡೆ ಕಟ್ಟೆಗೂ ನೀರಿಗೂ ನಡುವೆ ನಾಲ್ಕು ಕಾಲಿನ ಕಾಂಕ್ರೀಟ್ ಗಡ್ಡೆಗಳ ರಾಶಿ.

ಎರಡನೆಯದು ಸಿ.ಎಸ್.ಎಂ.ಟಿ.ಯಿಂದ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ನಿಲ್ದಾಣದಿಂದ, ಗೇಟ್‌ವೇ ಆಫ್ ಇಂಡಿಯಾಕ್ಕೆ. ಇದನ್ನು ಕಡಲ ನಡಿಗೆ ಎನ್ನಲು ನನಗೆ ಮನಸ್ಸಿಲ್ಲ. 1888ರ ನಿಲ್ದಾಣದ ಕಟ್ಟಡ, ಫ್ಲೋರಾ ಫೌಂಟನ್, ಕಾಲಾ ಘೋಡಾ ಎಲ್ಲ ಚೆಂದವೇ. ಆದರೆ ಸುಮಾರು ಎರಡೂವರೆ ಕಿಲೋಮೀಟರ್ ಕಟ್ಟಡಗಳ ನಡುವೆಯೇ ನಡೆದು, ಭದ್ರತಾ ತಪಾಸಣೆ ಮುಗಿಸಿದ ಮೇಲೆ ನೀರು ಕಾಣುತ್ತದೆ. ಸೂರ್ಯೋದಯಕ್ಕೆ ಹೋದರೆ ಸಾರ್ಥಕ, ಏಕೆಂದರೆ ಗೇಟ್‌ವೇ ಮೂಡಣ ದಿಕ್ಕಿನ ಬಂದರಿಗೆ ಮುಖ ಮಾಡಿದೆ. 1948ರ ಫೆಬ್ರುವರಿ 28ರಂದು ಕೊನೆಯ ಬ್ರಿಟಿಷ್ ಪಡೆ ಈ ಕಮಾನಿನ ಕೆಳಗಿನಿಂದಲೇ ಹಡಗಿಗೆ ಹೋಯಿತೆಂದು ಹೇಳಿದಾಗ ಅಮ್ಮ ಕಮಾನನ್ನು ಇನ್ನೊಮ್ಮೆ ತಲೆಯೆತ್ತಿ ನೋಡಿದಳು. ಹೊತ್ತೇರಿದ ಮೇಲೆ ಅಲ್ಲಿ ನಿಲ್ಲಲು ಜಾಗವಿರುವುದಿಲ್ಲ.

ಮೂರನೆಯದು ಶಿವಡಿ. ಹಾರ್ಬರ್ ಲೈನಿನ ಈ ನಿಲ್ದಾಣದಿಂದ ಪೂರ್ವಕ್ಕೆ ಹದಿನೈದು ಇಪ್ಪತ್ತು ನಿಮಿಷ ನಡೆದರೆ ಧಕ್ಕೆ, ಅಂದರೆ ದೋಣಿಗಳು ನಿಲ್ಲುವ ಕಟ್ಟೆ. ದಾರಿ ಸುಂದರವಲ್ಲ. ಲಾರಿಗಳು, ಧೂಳು, ಗೋದಾಮುಗಳು, ಪಾದಚಾರಿಗೆ ಹೇಳಿಕೊಳ್ಳುವಂಥ ಜಾಗವೇ ಇಲ್ಲ. ಅದನ್ನು ದಾಟಿದರೆ ರಿಪೇರಿಗೆ ಎಳೆದಿಟ್ಟ ದೋಣಿಗಳು, ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು, ಅದರಾಚೆ ಕೆಸರಿನ ಬಯಲಿನಲ್ಲಿ ಚಳಿಗಾಲದಿಂದ ಬೇಸಿಗೆಯವರೆಗೆ ಉಳಿಯುವ ಫ್ಲೆಮಿಂಗೊಗಳು. ಹೆಚ್ಚಿನವು ನಮ್ಮವರು ಸಣ್ಣ ರಾಜಹಂಸ ಎನ್ನುವ ಜಾತಿಯವು. ಕೆಸರಿನಲ್ಲಿ ಬೆಳೆಯುವ ನೀಲಿ-ಹಸಿರು ಪಾಚಿ ಅವುಗಳ ಆಹಾರ.

ನಾನು ಮೊದಲು ಒಬ್ಬನೇ ಹುಣ್ಣಿಮೆಯ ಆಸುಪಾಸಿನ ಒಂದು ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಹೋಗಿದ್ದೆ. ಏರುತ್ತಿದ್ದ ನೀರು ಹಕ್ಕಿಗಳನ್ನು ಧಕ್ಕೆಯ ಹತ್ತಿರಕ್ಕೇ ತಳ್ಳಿತ್ತು. ಕೊಕ್ಕನ್ನು ತಲೆಕೆಳಗಾಗಿ ಹಿಡಿದು ಕೆಸರು ಸೋಸುವುದು ಬರಿಗಣ್ಣಿಗೆ ಕಾಣುತ್ತಿತ್ತು. ಆ ಸಂತೋಷದಲ್ಲಿ ಮುಂದಿನ ಭಾನುವಾರ ಅಮ್ಮನನ್ನು ಅದೇ ಹೊತ್ತಿಗೆ ಕರೆದೊಯ್ದೆ. ಕಣ್ಣು ಹಾಯುವವರೆಗೂ ಕೆಸರು, ದೂರದಲ್ಲಿ ಗುಲಾಬಿ ಬಣ್ಣದ ಒಂದು ಗೆರೆ. ನನಗೆ ಅಳುವೇ ಬಂದಿತ್ತು. ಅಮ್ಮ ಕೇಳಿದ್ದು ಒಂದೇ ಮಾತು: "ಇವತ್ತು ಅಷ್ಟಮಿ ಅಲ್ಲವೇನೋ?"

ಗಂಗೊಳ್ಳಿಯ ಮನೆಯಂಗಳದಲ್ಲಿ ಕಲಿತ ಲೆಕ್ಕ ಅದು. ಭರತದ, ಅಂದರೆ ನೀರು ಪೂರ್ತಿ ಏರುವ, ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತದೆ, ಏಳು ದಿನಕ್ಕೆ ಆರು ಗಂಟೆಯ ಹತ್ತಿರ. ಅಂದರೆ ಹೋದ ವಾರ ನೀರು ತುಂಬುತ್ತಿದ್ದ ಹೊತ್ತಿಗೆ ಈ ವಾರ ಇಳಿತ. ಮುಂಬೈಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಸುತ್ತ ಭರತ ಮಧ್ಯಾಹ್ನ ಹನ್ನೆರಡರ ಆಸುಪಾಸಿಗೆ ಬರುತ್ತದೆ. ಹಕ್ಕಿ ಹತ್ತಿರ ಸಿಗುವುದು ಅದಕ್ಕೆ ಎರಡು ಮೂರು ಗಂಟೆ ಹಿಂದೆ ಅಥವಾ ಮುಂದೆ. ಬೆಳಗ್ಗೆ ಬಿಸಿಲು ಎದುರಿನಿಂದ ಹೊಡೆಯುತ್ತದೆ, ಚಿತ್ರ ತೆಗೆಯುವವರಿಗೆ ಮಧ್ಯಾಹ್ನದ ನಂತರವೇ ಒಳ್ಳೆಯದು. ಭಾನುವಾರವಾದರೆ ಹಾರ್ಬರ್ ಲೈನಿನಲ್ಲಿ ಮೆಗಾ ಬ್ಲಾಕ್, ಅಂದರೆ ಹಳಿ ರಿಪೇರಿಗೆಂದು ರೈಲು ನಿಲ್ಲಿಸುವುದು, ಇದೆಯೇ ಎಂದು ಹಿಂದಿನ ದಿನವೇ ನೋಡಿಕೊಳ್ಳಬೇಕು.

ವಯಸ್ಸಾದವರೊಂದಿಗೆ ಹೋಗುವವರಿಗೆ ನಾನು ಎರಡು ಮಾತಿಲ್ಲದೆ ಚರ್ನಿ ರೋಡ್‌ನಿಂದ ಚರ್ಚ್‌ಗೇಟ್ ದಾರಿಯನ್ನೇ ಹೇಳುತ್ತೇನೆ. ನಡೆಯಬಲ್ಲವರು ಶಿವಡಿಗೆ ಹೋಗಲಿ. 2024ರ ಜನವರಿಯಲ್ಲಿ ತೆರೆದ 21.8 ಕಿಲೋಮೀಟರ್ ಉದ್ದದ ಅಟಲ್ ಸೇತು ಹೊರಡುವುದು ಈ ಕೆಸರಿನ ಪಕ್ಕದಿಂದಲೇ. ಅದರ ಬುಡದಲ್ಲಿ ಇಂದಿಗೂ ಹಕ್ಕಿಗಳು ಮೇಯುತ್ತಿವೆ ಎಂಬುದನ್ನು ಈ ಊರಿನವರು ಕಣ್ಣಾರೆ ನೋಡಬೇಕೆಂಬುದು ನನ್ನ ಆಸೆ.

ಅಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಗೆ ಹತ್ತಿರದ ಭಾನುವಾರಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಾಳೆ. ನಿಲ್ದಾಣದಿಂದ ಧಕ್ಕೆಯವರೆಗಿನ ಧೂಳಿನ ದಾರಿಗೆ ಮಾತ್ರ, ಆ ದಿನ ಟ್ಯಾಕ್ಸಿ ಆಗಬಹುದು ಎಂದಿದ್ದಾಳೆ.