ಓಡುತ್ತಿರುವ ಮೈಕ್ರೋವ್ಯಾಕ್ಸ್ ಎಂದು ನಂಬಿ 58,000 ಕಳೆದುಕೊಂಡೆ, ನೀವು ಕಳೆದುಕೊಳ್ಳಬೇಡಿ

ಮೊದಲೇ ಹೇಳಿಬಿಡುತ್ತೇನೆ. "ಮೈಕ್ರೋವ್ಯಾಕ್ಸ್ 3100, ಸುಸ್ಥಿತಿಯಲ್ಲಿದೆ, ಡೆಕ್‌ನೆಟ್‌ನಲ್ಲಿ ಓಡುತ್ತಿದೆ, ಬೇಕಾದರೆ ನೀವೇ ಲಾಗಿನ್ ಆಗಿ ನೋಡಿ" ಎಂದು ಯಾರಾದರೂ ಹೇಳಿದರೆ ಒಂದು ರೂಪಾಯಿಯನ್ನೂ ಕಳುಹಿಸಬೇಡಿ. ಮೈಕ್ರೋವ್ಯಾಕ್ಸ್ ಎಂದರೆ ಡಿಜಿಟಲ್ ಎಂಬ ಕಂಪನಿಯ ವ್ಯಾಕ್ಸ್ ಸಾಲಿನ ಹಳೆಯ ಕಂಪ್ಯೂಟರ್, ಡೆಕ್‌ನೆಟ್ ಎಂದರೆ ಆ ಕಂಪನಿಯ ಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಜಾಲ ವ್ಯವಸ್ಥೆ. ಕಪ್ಪು ಪರದೆ, ಹಸಿರು ಅಕ್ಷರ, ಕೊನೆಯ ಸಾಲಿನಲ್ಲಿ ಮೂರು ಬಾಣದ ಗುರುತು, ಪಕ್ಕದಲ್ಲಿ ಮಾಸಿದ ಬಿಳಿ ಪೆಟ್ಟಿಗೆ, ಹಿಂದೆ ನೀಲಿ ಹೂವಿನ ಕರ್ಟನ್. ಈ ಫೋಟೋ ನಿಮಗೂ ಬಂದಿರಬಹುದು. ನನಗೆ ಬಂದದ್ದು ಇದೇ. ಇದನ್ನು ನಂಬಿ 58,000 ರೂಪಾಯಿ ಕೊಟ್ಟೆ. ಕಳೆದ ವಾರ ಇದೇ ಫೋಟೋ, ಇದೇ ಕರ್ಟನ್, ನನ್ನ ಪರಿಚಯದ ಇನ್ನೊಬ್ಬರಿಗೆ ಬಂದಿದೆ. ಬೆಲೆ ಈಗ 65,000. ಅದಕ್ಕಾಗಿಯೇ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆ.

ನಾಚಿಕೆ ಏಕೆಂದರೆ ನಾನು ಇದರ ಗಂಧ ಗೊತ್ತಿಲ್ಲದವನಲ್ಲ. 1991ರಿಂದ ಐದು ವರ್ಷ ಬೆಂಗಳೂರಿನ ಕಚೇರಿಯೊಂದರಲ್ಲಿ ಇದೇ ಮಾದರಿಯ ಯಂತ್ರದ ಮುಂದೆ ಕುಳಿತಿದ್ದೇನೆ. ಡಿಜಿಟಲ್ ಕಂಪನಿಯ ಭಾರತದ ಶಾಖೆ ಆಗ ಬೆಂಗಳೂರಿನಲ್ಲೇ ಇತ್ತು, ವ್ಯಾಕ್ಸ್ ಬಲ್ಲವರು ಊರಿನಲ್ಲಿ ಬೇಕಾದಷ್ಟು ಇದ್ದರು. 1998ರಲ್ಲಿ ಕಂಪನಿ ಕಾಂಪ್ಯಾಕ್‌ನ ಪಾಲಾಯಿತು, 2002ರಲ್ಲಿ ಕಾಂಪ್ಯಾಕ್ ಎಚ್‌ಪಿಯೊಳಗೆ ಸೇರಿತು. ಅಷ್ಟರಲ್ಲಿ ನಮ್ಮ ಕಚೇರಿಯ ಯಂತ್ರ ಗುಜರಿಗೆ ಹೋಗಿತ್ತು. ತೂಕದ ಲೆಕ್ಕದಲ್ಲಿ ಹೋಯಿತು. ಅದನ್ನು ಕೇಳಿ ನಾನೇ ತೆಗೆದುಕೊಳ್ಳಲಿಲ್ಲವಲ್ಲ ಎಂಬ ಕೊರಗು ಇಪ್ಪತ್ತು ವರ್ಷಗಳಿಂದ ಇದೆ. ಈ ಕೊರಗನ್ನು ಯಂತ್ರ ಮಾರಿದವನಿಗೆ ನಾನೇ ಫೋನಿನಲ್ಲಿ ಹೇಳಿದೆ. ಹೇಳಬಾರದಿತ್ತು.

ಅವನು ನನ್ನನ್ನು ನಂಬಿಸಿದ್ದು ಹೆಕ್‌ನೆಟ್ ಹೆಸರು ಹೇಳಿ. ಅದರ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಡಿಜಿಟಲ್ ಕಂಪನಿಯ ಹಳೆಯ ಪಿಡಿಪಿ-11, ವ್ಯಾಕ್ಸ್ ಯಂತ್ರಗಳನ್ನು ಸಾಯಲು ಬಿಡದವರು ಅವುಗಳನ್ನು ಇಂಟರ್ನೆಟ್ ಮೂಲಕ ಒಂದಕ್ಕೊಂದು ಜೋಡಿಸಿ ನಡೆಸುತ್ತಿರುವ ಡೆಕ್‌ನೆಟ್ ಜಾಲ ಅದು. ಬೇರು ಸ್ವೀಡನ್‌ನ ಉಪ್ಸಾಲಾದಲ್ಲಿರುವ ಒಂದು ಕಂಪ್ಯೂಟರ್ ಕ್ಲಬ್‌ನಲ್ಲಿದೆ. ಡೆಕ್‌ನೆಟ್‌ನಲ್ಲಿ ಇರುವುದೇ 63 ಏರಿಯಾ, ಒಂದೊಂದರಲ್ಲಿ 1023 ನೋಡ್, ಅಂದರೆ ಜಾಲದಲ್ಲಿ ಹೆಸರು, ವಿಳಾಸ ಇರುವ ಯಂತ್ರ. ಇಂದಿನ ಲೆಕ್ಕದಲ್ಲಿ ಒಂದು ಸಣ್ಣ ಊರು. ಅಲ್ಲಿ ಎಲ್ಲವೂ ನಂಬಿಕೆಯ ಮೇಲೆ ನಡೆಯುತ್ತದೆ. ಕೇಳಿದರೆ ವಿಳಾಸ ಕೊಡುತ್ತಾರೆ, ಕೆಟ್ಟರೆ ರಾತ್ರಿ ಕುಳಿತು ಸರಿಮಾಡಿಕೊಡುತ್ತಾರೆ, ಒಂದು ಕಾಸು ಕೇಳುವುದಿಲ್ಲ. ನನ್ನದೂ ಒಂದು ನೋಡ್ ಇದೆ. ಅದು ಎಮ್ಯುಲೇಟರ್ ಮೇಲೆ, ಅಂದರೆ ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶದ ಮೇಲೆ ಓಡುವ ಪಿಡಿಪಿ-11, ಅಂಗೈಯಗಲದ ರಾಸ್ಪ್‌ಬೆರಿ ಪೈ ಎಂಬ ಕಂಪ್ಯೂಟರಿನೊಳಗೆ. ಅದರ ಪಕ್ಕದಲ್ಲಿ ಒಂದಾದರೂ ನಿಜವಾದ ಕಬ್ಬಿಣದ ಪೆಟ್ಟಿಗೆ ಇರಲಿ ಎಂಬುದು ನನ್ನ ಆಸೆ. ಅಷ್ಟೇ ಆಸೆ.

ಅವನು ಬೇರೆ ಊರಿನಲ್ಲಿರುವ ಕನ್ನಡಿಗ. ಒಳ್ಳೆಯ ಕನ್ನಡ, ಒಳ್ಳೆಯ ಮಾತು. "ಸರ್, ನಾನೂ ಹೆಕ್‌ನೆಟ್‌ನವನೇ" ಎಂದ. ಆ ಒಂದು ಮಾತಿಗೆ ನಾನು ಅರ್ಧ ಸೋತೆ. ಹಣದ ಮಾತು ಬರುವ ಮೊದಲೇ "ನೀವು ಯಂತ್ರವನ್ನು ಮುಟ್ಟಿ ನೋಡದೆ ಕೊಳ್ಳಬೇಡಿ ಸರ್, ಮುಟ್ಟಲು ಆಗದಿದ್ದರೆ ಲಾಗಿನ್ ಆಗಿ ನೋಡಿ" ಎಂದು ಅವನೇ ಹೇಳಿದ. ಮೋಸ ಮಾಡುವವನು ಹೀಗೆ ಹೇಳುತ್ತಾನೆಯೇ ಎಂದುಕೊಂಡೆ. ಹೇಳುತ್ತಾನೆ. ಹೇಳುತ್ತಾನೆ ಎಂದು ಈಗ ಗೊತ್ತಾಯಿತು.

ಜಾಲದ ಮೂಲಕವಲ್ಲ, ತನ್ನ ಮನೆಗೆ ನೇರ ಕೊಂಡಿ ಹಾಕಿಕೊಟ್ಟ. ಅವನ ನೋಡ್ ಹೆಸರು ಜಾಲದ ಪಟ್ಟಿಯಲ್ಲಿ ಇರಲೇ ಇಲ್ಲ, ಅದನ್ನು ನಾನು ಆಮೇಲೆ ನೋಡಿದೆ. ಹೆಕ್‌ನೆಟ್ ನಡೆಸುವವರದ್ದಾಗಲಿ ಅಲ್ಲಿಯವರದ್ದಾಗಲಿ ಇದರಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಅವನು ಆ ಹೆಸರನ್ನು ಬಳಸಿಕೊಂಡ.

ರಾತ್ರಿ ಹತ್ತೂವರೆಗೆ "ಸೆಟ್ ಹೋಸ್ಟ್" ಎಂದು ಟೈಪಿಸಿದೆ. ದೂರದ ಯಂತ್ರಕ್ಕೆ ಹೋಗುವ ಆಜ್ಞೆ ಅದು. ಯೂಸರ್‌ನೇಮ್ ಕೇಳಿತು. ಅವನು ಕೊಟ್ಟ ಅತಿಥಿ ಖಾತೆ ಹಾಕಿದೆ. ವ್ಯಾಕ್ಸ್‌ನ ಆಪರೇಟಿಂಗ್ ಸಿಸ್ಟಮ್ ಆದ ಓಪನ್‌ವಿಎಂಎಸ್ 7.3ರ ಸ್ವಾಗತ ಬಂತು, ಕೆಳಗೆ ಡಾಲರ್ ಚಿಹ್ನೆ ಬಂದು ನಿಂತಿತು. ಮೂವತ್ತು ವರ್ಷಗಳ ನಂತರ ಆ ಡಾಲರ್ ಚಿಹ್ನೆಯ ಮುಂದೆ ಕುಳಿತಿದ್ದೆ. ಡೈರೆಕ್ಟರಿ ನೋಡಿದೆ, ಒಂದು ಸಣ್ಣ ಕಡತ ಬರೆದೆ, ಅಳಿಸಿದೆ. ಕೈಗೆ ಎಲ್ಲ ನೆನಪಿತ್ತು. "ಶೋ ಸಿಪಿಯು" ಎಂದು ಎರಡು ಪದ ಟೈಪಿಸಿದ್ದರೆ ಅದು ಯಾವ ಮಾದರಿಯ ಯಂತ್ರವೆಂದು ಕಾಣುತ್ತಿತ್ತು, ಅವನ ಆಟ ಅಲ್ಲಿಗೆ ಮುಗಿಯುತ್ತಿತ್ತು. ಟೈಪಿಸಲಿಲ್ಲ. ಮರುದಿನ ಬೆಳಿಗ್ಗೆ ಯುಪಿಐ ಮೂಲಕ 10,000 ಮುಂಗಡ, ಎರಡು ದಿನ ಬಿಟ್ಟು "ಪ್ಯಾಕ್ ಆಯಿತು ಸರ್" ಎಂದಾಗ ಉಳಿದ 48,000. ಲಾರಿ ಪಾರ್ಸೆಲ್ ಬಾಡಿಗೆ 2,300 ಬೇರೆ.

ಪೆಟ್ಟಿಗೆ ಮೈಸೂರಿಗೆ ಬಂದದ್ದು ಹದಿನಾರನೆಯ ದಿನ. ಭಾನುವಾರ ಹಳೆಯ ಸಹೋದ್ಯೋಗಿಗಳಿಬ್ಬರನ್ನು ಊಟಕ್ಕೆ ಕರೆದಿದ್ದೆ, ಅವರ ಎದುರಿನಲ್ಲೇ ಚಾಲೂ ಮಾಡೋಣವೆಂದು. ಒಬ್ಬರು ಇದಕ್ಕಾಗಿಯೇ ಬೆಂಗಳೂರಿನಿಂದ ರೈಲಿನಲ್ಲಿ ಬಂದರು, ಹಳೆಯ ಟರ್ಮಿನಲ್ ಕೇಬಲ್ ಒಂದನ್ನು ಜೋಪಾನವಾಗಿ ಸುತ್ತಿ ತಂದಿದ್ದರು. ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಲಿಲ್ಲ. ಹಿಂಬದಿಯ ದೀಪ ಒಂದೂ ಹತ್ತಲಿಲ್ಲ. ಎರಡನೆಯ ಸಲ ಒತ್ತಿದಾಗ ಒಳಗಿನಿಂದ ಹಸಿ ಮೀನಿನ ವಾಸನೆ. ಅದು ಪವರ್ ಸಪ್ಲೈನ ಕೆಪಾಸಿಟರ್ ಸೋರಿದ ವಾಸನೆ ಎಂದು ಈ ಯಂತ್ರಗಳ ಸಹವಾಸ ಮಾಡಿದವರಿಗೆ ಹೇಳಬೇಕಿಲ್ಲ. ಮುಚ್ಚಳ ಬಿಚ್ಚಿದೆವು. ಡಿಸ್ಕ್ ಇರಬೇಕಾದ ಜಾಗದಲ್ಲಿ ನಾಲ್ಕು ಸ್ಕ್ರೂ ತೂತುಗಳು ಮಾತ್ರ. ಗಡಿಯಾರದ ಬ್ಯಾಟರಿ ಒಡೆದು, ಬೋರ್ಡಿನ ಮೇಲೆ ಹಸಿರು ಕಿಲುಬು ಹೆಬ್ಬೆರಳಿನಗಲ ಹರಡಿತ್ತು. ಉಗುರಿನಿಂದ ಕೆರೆದರೆ ಅದರ ಜೊತೆ ತಾಮ್ರದ ಗೆರೆಯೂ ಎದ್ದುಬಂತು. ಇದು ಒಂದು ತಿಂಗಳ ಕಿಲುಬಲ್ಲ. ಎಷ್ಟೋ ವರ್ಷಗಳದು. ಈ ಯಂತ್ರ ಹದಿನಾರು ದಿನಗಳ ಹಿಂದೆ ಓಡಿರಲು ಸಾಧ್ಯವೇ ಇರಲಿಲ್ಲ.

ಬಂದವರು ಏನೂ ಹೇಳಲಿಲ್ಲ. ಕೇಬಲ್ ತಂದವರು ಅದನ್ನು ಮತ್ತೆ ಸುತ್ತಿ ಚೀಲಕ್ಕೆ ಹಾಕಿಕೊಂಡರು. "ಊಟ ಬಹಳ ಚೆನ್ನಾಗಿತ್ತಯ್ಯಾ" ಎಂದು ಹೇಳಿ ಹೊರಟರು.

ನಿಜವಾಗಿ ಮೋಸ ಹೋದೆ ಎಂದು ತಿಳಿದದ್ದು ಆಗಲೂ ಅಲ್ಲ. ಆ ರಾತ್ರಿ. ನಿದ್ದೆ ಬರದೆ ಎದ್ದು ನನ್ನ ಪೈ ಮುಂದೆ ಕುಳಿತೆ. ಅವನ ಕೊಂಡಿಯನ್ನು ತೆಗೆದಿರಲಿಲ್ಲ. ಯಾಕೆ ಟೈಪಿಸಿದೆನೋ ಗೊತ್ತಿಲ್ಲ, ಅದೇ ನೋಡ್ ಹೆಸರು ಹಾಕಿ "ಸೆಟ್ ಹೋಸ್ಟ್" ಎಂದೆ. ಯೂಸರ್‌ನೇಮ್ ಕೇಳಿತು!

ನಾನು ಕೊಂಡ ಯಂತ್ರ ನನ್ನ ಮೇಜಿನ ಮೇಲೆ ಬಿಚ್ಚಿ ಬಿದ್ದಿದೆ, ಪ್ಲಗ್ ನೆಲದ ಮೇಲಿದೆ. ಅದೇ ಯಂತ್ರ ಇನ್ನೊಂದು ಊರಿನಿಂದ ನನಗೆ ಉತ್ತರ ಕೊಡುತ್ತಿದೆ. ಕೈ ನಡುಗುತ್ತಿತ್ತು. ಲಾಗಿನ್ ಆದೆ. "ಶೋ ಸಿಸ್ಟಮ್" ಎಂದೆ. ಮೊದಲ ಸಾಲಿನಲ್ಲೇ ಇತ್ತು, ಅಪ್‌ಟೈಮ್ 61 ದಿನ. ಅರವತ್ತೊಂದು ದಿನದಿಂದ ಒಮ್ಮೆಯೂ ನಿಂತಿಲ್ಲ. ನನ್ನ ಎದುರಿನ ಪೆಟ್ಟಿಗೆ ಹದಿನಾರು ದಿನ ಲಾರಿಯಲ್ಲಿತ್ತು, ಗೋದಾಮಿನಲ್ಲಿತ್ತು. ಆಮೇಲೆ "ಶೋ ಸಿಪಿಯು" ಎಂದೆ. ವ್ಯಾಕ್ಸ್‌ಸರ್ವರ್ 3900 ಸೀರೀಸ್ ಎಂದು ಬಂತು. 3100 ಅಲ್ಲ, 3900. ಸಿಮ್‌ಎಚ್ ಎಮ್ಯುಲೇಟರಿನ ವ್ಯಾಕ್ಸ್ ಹಾಗೆಯೇ ಹೇಳಿಕೊಳ್ಳುತ್ತದೆ. ನಾನು ಮೂವತ್ತು ವರ್ಷಗಳ ನಂತರ ಕಣ್ಣು ಒದ್ದೆ ಮಾಡಿಕೊಂಡು ಕುಳಿತದ್ದು ಯಾರದೋ ಲ್ಯಾಪ್‌ಟಾಪ್ ಮುಂದೆ.

ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಎಲ್ಲ ಅದರಲ್ಲೇ ಇತ್ತು. ಮೇಲಿನ ಸಾಲಿನಲ್ಲಿ ಕೆಎ655. ಅದು 3900ರ ಸಿಪಿಯು ಬೋರ್ಡ್. ನನ್ನ ಕೈಗೆ ಬಂದ 3100ರದು ಕೆಎ41. ಕೆಳಗೆ ಸ್ವಯಂಪರೀಕ್ಷೆಯ ಎಣಿಕೆ 40, 39, 38 ಎಂದು ಇಳಿಯುತ್ತಿದೆ. ನಮ್ಮ ಕಚೇರಿಯ 3100 ಹಾಗೆ ಎಣಿಸುತ್ತಿರಲಿಲ್ಲ. ಎಫ್, ಇ, ಡಿ, ಸಿ ಎಂದು ಅಕ್ಷರಗಳಿಂದ ಶುರುಮಾಡಿ ಒಂಬತ್ತು, ಎಂಟು ಎಂದು ಒಂದಕ್ಕೆ ಇಳಿಯುತ್ತಿತ್ತು. ಐದು ವರ್ಷ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಆ ಅಕ್ಷರಗಳನ್ನು ನೋಡಿದ್ದೇನೆ. ಮರೆತಿದ್ದೆ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ. ಎರಡನೆಯ ಫೋಟೋದಲ್ಲಿ ಈಥರ್ನೆಟ್ ವಿಳಾಸ, ಅಂದರೆ ಜಾಲದ ತಂತಿಯ ಮೇಲೆ ಯಂತ್ರದ ಗುರುತು, ಕಾಣುತ್ತದೆ, ಅದರ ಕೊನೆ ಎಎ-ಬಿಬಿ-ಸಿಸಿ. ಕಾರ್ಖಾನೆಯಿಂದ ಬಂದ ಯಾವ ಯಂತ್ರಕ್ಕೆ ಎಎ-ಬಿಬಿ-ಸಿಸಿ ಎಂದು ವಿಳಾಸ ಕೊಡುತ್ತಾರೆ? ಅದು ಎಮ್ಯುಲೇಟರ್ ತಾನಾಗಿ ಹಾಕಿಕೊಳ್ಳುವ ವಿಳಾಸ. ಬದಲಾಯಿಸುವಷ್ಟು ಶ್ರಮವನ್ನೂ ಅವನು ಪಡಲಿಲ್ಲ. ಪಡಬೇಕಾದ ಅಗತ್ಯವೂ ಬೀಳಲಿಲ್ಲ.

ಎಮ್ಯುಲೇಟರ್ ಓಡಿಸುವುದು ತಪ್ಪಲ್ಲ. ನಾನೇ ಓಡಿಸುತ್ತೇನೆ, ಹಳೆಯ ಯಂತ್ರ ಸಿಗದವರು ಎಲ್ಲರೂ ಓಡಿಸುತ್ತಾರೆ. ಎಮ್ಯುಲೇಟರನ್ನು ತೋರಿಸಿ ಸತ್ತ ಕಬ್ಬಿಣವನ್ನು ಮಾರುವುದು ಮೋಸ.

ಇನ್ನು ಅವನ ಉತ್ತರಗಳು. ಇವನ್ನು ಓದಿ. ನಾಳೆ ನಿಮಗೂ ಇವೇ ಬರುತ್ತವೆ.

ಯಂತ್ರ ಹತ್ತಲಿಲ್ಲ ಎಂದಾಗ: "ಲಾರಿಯಲ್ಲಿ ಏಟು ಬಿದ್ದಿರಬೇಕು ಸರ್, ನಾನು ಕಳುಹಿಸುವಾಗ ಚೆನ್ನಾಗಿಯೇ ಇತ್ತು."

ಕಿಲುಬಿನ ಫೋಟೋ ಕಳುಹಿಸಿದಾಗ: "ಮೂವತ್ತು ವರ್ಷದ ಮಷೀನು ಸರ್. ಹೊಸದು ಬೇಕಿದ್ದರೆ ಅಂಗಡಿಗೆ ಹೋಗಬೇಕಿತ್ತು."

ಡಿಸ್ಕ್ ಎಲ್ಲಿ ಎಂದಾಗ: "ಡಿಸ್ಕ್ ಕೊಡುತ್ತೇನೆಂದು ಹೇಳಿಲ್ಲವಲ್ಲ ಸರ್." ಡಿಸ್ಕ್ ಇಲ್ಲದೆ ಅದು ಹೇಗೆ ಓಡುತ್ತಿತ್ತು ಎಂದು ಕೇಳಿದೆ. ಉತ್ತರವಿಲ್ಲ.

61 ದಿನದ ಅಪ್‌ಟೈಮ್ ತೋರಿಸಿದಾಗ ಎರಡು ಗಂಟೆ ಸದ್ದಿಲ್ಲ. ಆಮೇಲೆ: "ಅದು ನನ್ನ ಇನ್ನೊಂದು ಮಷೀನು ಸರ್, ಹೆಸರು ಒಂದೇ ಇಟ್ಟಿದ್ದೇನೆ." ಹೆಸರು ಮಾತ್ರವಲ್ಲ, ನೋಡ್ ವಿಳಾಸವೂ ಒಂದೇ. ಡೆಕ್‌ನೆಟ್ ಶುರುವಾದೊಡನೆ ಕಾರ್ಖಾನೆಯ ಈಥರ್ನೆಟ್ ವಿಳಾಸದ ಬದಲಿಗೆ ನೋಡ್ ವಿಳಾಸದಿಂದ ಹುಟ್ಟಿದ ವಿಳಾಸ ಬರುತ್ತದೆ. ಒಂದೇ ತಂತಿಯ ಮೇಲೆ ಎರಡು ಯಂತ್ರಗಳು ಒಂದೇ ವಿಳಾಸ ಇಟ್ಟುಕೊಂಡು ಬದುಕಲಾರವು. ಇದನ್ನು ಬರೆದು ಕಳುಹಿಸಿದೆ.

"ಫೋಟೋ ಈ ಬಾಕ್ಸಿನದೇ ಎಂದು ನಾನು ಎಲ್ಲಿ ಬರೆದಿದ್ದೇನೆ, ತೋರಿಸಿ ಸರ್." ಹಿಂದಕ್ಕೆ ಹೋಗಿ ಹುಡುಕಿದೆ. ಬರೆದಿರಲಿಲ್ಲ! "ಪರದೆ ಹೀಗೆ ಬರುತ್ತದೆ ಸರ್" ಎಂದು ಬರೆದಿದ್ದ. ಹೀಗೆ ಬರುತ್ತದೆ. ಒಂದೊಂದು ಪದವನ್ನೂ ತೂಗಿ ಇಟ್ಟಿದ್ದ. "ಓಡುತ್ತಿದೆ" ಎಂದದ್ದು ಫೋನಿನಲ್ಲಿ ಮಾತ್ರ.

ಕೊನೆಯದು ಇದು: "ನೀವು ಹಿರಿಯರು ಸರ್. ವ್ಯಾಕ್ಸ್ ಮೇಲೆ ಐದು ವರ್ಷ ಕೆಲಸ ಮಾಡಿದವರು. ನೀವೇ ಲಾಗಿನ್ ಆಗಿ ನೋಡಿ, ಒಪ್ಪಿ, ದುಡ್ಡು ಕೊಟ್ಟಿದ್ದೀರಿ. ನಿಮಗಿಂತ ನನಗೆ ಹೆಚ್ಚು ಗೊತ್ತಿದೆಯೇ?" ಇದಾದ ಮೇಲೆ ನನ್ನ ಸಂಖ್ಯೆಯನ್ನು ಬ್ಲಾಕ್ ಮಾಡಿದ. ಹಣ ಹೋದದ್ದಕ್ಕಿಂತ ಈ ಮಾತು ಹೆಚ್ಚು ಸುಟ್ಟಿತು. ನನ್ನ ಹಳೆಯ ಅನುಭವವನ್ನೇ, ನನ್ನ ಕೊರಗನ್ನೇ, ತಿರುಗಿಸಿ ನನ್ನ ಮುಖಕ್ಕೆ ಹೊಡೆದ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ, ದೂರಿನ ಸಂಖ್ಯೆ ಬಂದಿದೆ, ಹಣ ಬಂದಿಲ್ಲ. ವಸ್ತು ಕೈಗೆ ಬಂದಿರುವಾಗ ಅದು ಮೋಸ ಎಂದು ತೋರಿಸುವುದು ಕಷ್ಟ. ಕೆಎ655ಕ್ಕೂ ಕೆಎ41ಕ್ಕೂ ಇರುವ ವ್ಯತ್ಯಾಸವನ್ನು ದೂರಿನಲ್ಲಿ ಹೇಗೆ ಬರೆಯುವುದು ಹೇಳಿ. ಆದರೂ ಬರೆದೆ. ಒಂದೂವರೆ ಪುಟ ಆಯಿತು.

ಕೊಳ್ಳುವವರು ಇಷ್ಟು ಮಾಡಿ. ವಿಡಿಯೋ ಕರೆಯಲ್ಲಿ ಮುಚ್ಚಳ ಬಿಚ್ಚಿಸಿ, ಬ್ಯಾಟರಿಯ ಸುತ್ತ ತೋರಿಸಲು ಹೇಳಿ. ನೀವು ಲಾಗಿನ್ ಆಗಿರುವಾಗಲೇ ಗೋಡೆಯ ಪ್ಲಗ್ ಕೀಳಿಸಿ. ನಿಮ್ಮ ಪರದೆ ಆ ಕ್ಷಣವೇ ಸಾಯಬೇಕು. ಸಾಯದಿದ್ದರೆ ನೀವು ಮಾತನಾಡುತ್ತಿರುವುದು ಬೇರೆ ಯಂತ್ರದ ಜೊತೆ. "ಶೋ ಸಿಪಿಯು" ಟೈಪಿಸಿ, ದಯವಿಟ್ಟು ಟೈಪಿಸಿ. "ಹವ್ಯಾಸಿ ಪರವಾನಗಿಯೂ ಇದೆ" ಎಂದರೆ ಇನ್ನೂ ಎಚ್ಚರ. ಇವನು ಹಾಗೂ ಹೇಳಿದ್ದ. ವ್ಯಾಕ್ಸ್‌ನಲ್ಲಿ ಓಪನ್‌ವಿಎಂಎಸ್ ಓಡಿಸಲು ಹವ್ಯಾಸಿಗಳಿಗೆ ಕೊಡುತ್ತಿದ್ದ ಕೊನೆಯ ಪರವಾನಗಿಗಳ ಅವಧಿ 2021ರ ಕೊನೆಗೇ ಮುಗಿದಿದೆ. "ನಾನೂ ನಮ್ಮವನೇ" ಎಂಬ ಮಾತಿಗೆ ಮಾತ್ರ ಕರಗಬೇಡಿ. ಪಟ್ಟಿಯಲ್ಲಿ ನೋಡ್ ಹೆಸರು ಹುಡುಕಿ, ಅಲ್ಲಿರುವವರನ್ನು ಕೇಳಿ. ಒಂದು ದಿನ ತಡವಾಗುತ್ತದೆ, ಆಗಲಿ.

ಬೋರ್ಡನ್ನು ವಿನೆಗರ್ ಹಚ್ಚಿ ತೊಳೆದು ಒಣಗಿಸಿ ಇಟ್ಟಿದ್ದೇನೆ. ತುಂಡಾದ ಗೆರೆಗಳು ಹನ್ನೊಂದು. ಕೇಬಲ್ ತಂದಿದ್ದ ಸ್ನೇಹಿತರು ಕೆಪಾಸಿಟರ್‌ಗಳನ್ನು ಬದಲಿಸಿಕೊಡುತ್ತೇನೆಂದು ಪವರ್ ಸಪ್ಲೈಯನ್ನು ಬೆಂಗಳೂರಿಗೆ ಒಯ್ದಿದ್ದಾರೆ. ಆ ನೀಲಿ ಕರ್ಟನ್ನಿನ ಫೋಟೋ ನಿಮ್ಮಲ್ಲಿ ಯಾರಿಗಾದರೂ ಬಂದಿದ್ದರೆ, ಹಣ ಕೊಟ್ಟಿದ್ದರೂ ಕೊಡದಿದ್ದರೂ, ದಿನಾಂಕದ ಸಮೇತ ನನಗೆ ತಿಳಿಸಿ. ನನ್ನ ದೂರಿನ ಜೊತೆ ಸೇರಿಸುತ್ತೇನೆ. ಅವನ ನೋಡ್ ನಿನ್ನೆ ರಾತ್ರಿಯೂ ಎದ್ದೇ ಇತ್ತು, ಅಪ್‌ಟೈಮ್ 83 ದಿನ.