ಇಂಗ್ಲೆಂಡಿಗೆ ಹೊರಟಿದ್ದೀರಾ? ಶಾಲೆ ಪಕ್ಕ ಮನೆ ಸಿಕ್ಕಿತು ಅಂತ ಕುಣಿಯಬೇಡಿ

ಇದನ್ನು ಬರೆಯೋಕೆ ನಾಚಿಕೆಯಾಗುತ್ತದೆ. ಹದಿನಾಲ್ಕು ವರ್ಷ ಐಟಿಯಲ್ಲಿ ದುಡಿದವನು ನಾನು. ತರಕಾರಿ ಕೊಳ್ಳುವಾಗ ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇನೆ. ಮಗಳ ಶಾಲೆ ವಿಷಯದಲ್ಲಿ ಮಾತ್ರ ಕಣ್ಣು ಮುಚ್ಚಿಕೊಂಡು ದುಡ್ಡು ಸುರಿದೆ.

2023ರ ಜೂನ್. ಕಂಪನಿಯವರು ಇಂಗ್ಲೆಂಡಿನ ರೆಡಿಂಗ್ ಊರಿಗೆ ಕಳಿಸುವುದು ಖಾತ್ರಿಯಾಯಿತು. ಮಗಳಿಗೆ ಆರು ವರ್ಷ, ಅಲ್ಲಿನ ಲೆಕ್ಕದಲ್ಲಿ ಇಯರ್ 2. ಬೆಂಗಳೂರಿನ ಒಬ್ಬ ರಿಲೊಕೇಶನ್ ಕನ್ಸಲ್ಟೆಂಟ್ ಸಿಕ್ಕ. ಮನೆ, ಶಾಲೆ ಎರಡೂ ಸೇರಿ 65,000 ರೂಪಾಯಿ, ಜಿಎಸ್‌ಟಿ ಬೇರೆ. ಅವನು ಕಳಿಸಿದ ಪಿಡಿಎಫ್‌ನಲ್ಲಿ ಶಾಲೆಯ ಫೋಟೊ, ಕೆಳಗೆ ಹಸಿರು ಬಣ್ಣದಲ್ಲಿ "ಆಫ್‌ಸ್ಟೆಡ್ ಔಟ್‌ಸ್ಟ್ಯಾಂಡಿಂಗ್". ಆಫ್‌ಸ್ಟೆಡ್ ಅಂದರೆ ಅಲ್ಲಿ ಶಾಲೆಗಳ ತಪಾಸಣೆ ಮಾಡುವ ಸರ್ಕಾರಿ ಸಂಸ್ಥೆ, ಔಟ್‌ಸ್ಟ್ಯಾಂಡಿಂಗ್ ಅಂದರೆ ಅದು ಆಗ ಕೊಡುತ್ತಿದ್ದ ಅತಿ ಮೇಲಿನ ಗ್ರೇಡ್. ಮನೆಯಿಂದ ನಾಲ್ಕು ನಿಮಿಷದ ದಾರಿ. "ನೀವು ಕ್ಯಾಚ್‌ಮೆಂಟ್ ಒಳಗೇ ಬರ್ತೀರಿ ಸರ್, ಟೆನ್ಷನ್ ಬೇಡ" ಅಂದ. ಕ್ಯಾಚ್‌ಮೆಂಟ್ ಅಂದರೆ ಸೀಟು ಕೊಡುವಾಗ ಶಾಲೆ ಆದ್ಯತೆ ಕೊಡುವ ಸುತ್ತಲಿನ ಪ್ರದೇಶ.

ಹೆಂಡತಿ ಕೇಳಿದಳು, "ರೀ, ಆ ಶಾಲೆಗೇ ಒಂದು ಫೋನ್ ಮಾಡಬಾರದಾ?" "ಮತ್ತೆ ಇವನಿಗೆ ದುಡ್ಡು ಕೊಟ್ಟಿರೋದು ಯಾಕೆ, ಸುಮ್ನಿರು" ಅಂದೆ. ಆ "ಸುಮ್ನಿರು" ನಮ್ಮ ಮನೆಯಲ್ಲಿ ಇವತ್ತಿಗೂ ವಾರಕ್ಕೊಮ್ಮೆ ಎದ್ದು ಬರುತ್ತದೆ.

ಹೊಸದಾಗಿ ಬಂದವರಿಗೆ ಅಲ್ಲಿ ಕ್ರೆಡಿಟ್ ಹಿಸ್ಟರಿ ಇರುವುದಿಲ್ಲವಲ್ಲ, ಮನೆ ಮಾಲೀಕ ಆರು ತಿಂಗಳ ಬಾಡಿಗೆ ಮುಂಗಡ ಕೇಳಿದ. ತಿಂಗಳಿಗೆ 1,650 ಪೌಂಡ್. ಸ್ವಲ್ಪ ದೂರದಲ್ಲಿ 1,400ಕ್ಕೆ ಒಳ್ಳೆ ಮನೆ ಇತ್ತು. ಶಾಲೆ ಪಕ್ಕ ಅನ್ನೋ ಒಂದೇ ಕಾರಣಕ್ಕೆ ಇದಕ್ಕೆ ಸಹಿ ಹಾಕಿದೆ.

ಹೋಗಿ ಇಳಿದದ್ದು ಆಗಸ್ಟಿನಲ್ಲಿ. ಬೇಸಿಗೆ ರಜೆ, ಶಾಲೆ ಗೇಟಿಗೆ ಬೀಗ, ಫೋನ್ ಎತ್ತುವವರಿಲ್ಲ. ಇರಲಿ, ಎಲ್ಲ ಆಗಿದೆಯಲ್ಲ ಅಂತ ಶಾಲೆಯ ಲೋಗೊ ಇರುವ ಕಾರ್ಡಿಗನ್ ಕೂಡ ಕೊಂಡೆವು. ಸೆಪ್ಟೆಂಬರ್ ಮೊದಲ ವಾರ ಅದನ್ನೇ ಹಾಕಿಸಿ ಮಗಳನ್ನು ಕರೆದುಕೊಂಡು ಹೋದೆವು. ಕಿಟಕಿಯ ಗಾಜು ಸರಿಸಿ ಆಫೀಸಿನಾಕೆ ಕಂಪ್ಯೂಟರ್ ನೋಡಿದರು. "ಇಯರ್ 2 ಫುಲ್ ಆಗಿದೆ. ಕೌನ್ಸಿಲ್‌ಗೆ ಅರ್ಜಿ ಹಾಕಿದ್ದೀರಾ?" ಕೌನ್ಸಿಲ್ ಅಂದರೆ ಅಲ್ಲಿನ ನಗರಸಭೆಯಂಥದ್ದು.

ಅರ್ಜಿ? ಕನ್ಸಲ್ಟೆಂಟ್ ಹಾಕಿಲ್ವಾ? ಇನ್ನೊಮ್ಮೆ ಹುಡುಕಿದರು. ಹೆಸರೇ ಇಲ್ಲ. ಮಗಳು ಕಾರ್ಡಿಗನ್ನಿನ ಗುಂಡಿ ಹಾಕುತ್ತಾ ಬಿಚ್ಚುತ್ತಾ ನಿಂತಿದ್ದಳು. ಪಾಪ, ಆಕೆ ಅವಳ ಕೈಗೊಂದು ನಕ್ಷತ್ರದ ಸ್ಟಿಕರ್ ಅಂಟಿಸಿ ಕಳಿಸಿದರು.

ಅಲ್ಲೇ ರಸ್ತೆಯಲ್ಲಿ ನಿಂತು ಅವನಿಗೆ ಮೆಸೇಜ್ ಹಾಕಿದೆ. ಉತ್ತರ ನೋಡಿ:

"ಸರ್, ನಾವು ಕ್ಯಾಚ್‌ಮೆಂಟ್ ಅಂತ ಹೇಳಿದ್ದು. ಸೀಟ್ ಅಂತ ಎಲ್ಲೂ ಹೇಳಿಲ್ಲ."

"ಅರ್ಜಿ ಪೇರೆಂಟ್ಸೇ ಹಾಕಬೇಕು ಸರ್. ನಮ್ಮದು ಗೈಡೆನ್ಸ್ ಮಾತ್ರ."

"ಒಳ್ಳೆ ಸ್ಕೂಲ್ ಅಲ್ವಾ ಸರ್, ಡಿಮ್ಯಾಂಡ್ ಇರತ್ತೆ."

ಗೈಡೆನ್ಸ್ ಅಂತೆ! ಆ ಅರ್ಜಿಗೆ ಒಂದು ಪೈಸೆ ಖರ್ಚಿಲ್ಲ. ರಾತ್ರಿ ಕೂತು ಇಪ್ಪತ್ತು ನಿಮಿಷದಲ್ಲಿ ನಾನೇ ತುಂಬಿದೆ. ಆಗಲೇ ಆಫ್‌ಸ್ಟೆಡ್ ವರದಿಯನ್ನೂ ತೆಗೆದು ನೋಡಿದೆ. ಅದು 2011ರದ್ದು! 2012ರಿಂದ 2020ರವರೆಗೆ ಔಟ್‌ಸ್ಟ್ಯಾಂಡಿಂಗ್ ಶಾಲೆಗಳಿಗೆ ಮಾಮೂಲಿ ತಪಾಸಣೆಯೇ ಇರಲಿಲ್ಲ. ಮಗಳು ಹುಟ್ಟುವ ಮೊದಲಿನ ಮಾರ್ಕ್ಸ್ ಕಾರ್ಡ್ ತೋರಿಸಿ ನನಗೆ ಮನೆ ಕೊಡಿಸಿದ್ದ.

ಏಳು ವರ್ಷದವರೆಗಿನ ಮಕ್ಕಳಿಗೆ ಒಬ್ಬ ಟೀಚರ್ ಇರುವ ಕ್ಲಾಸಿನಲ್ಲಿ 30 ಮಕ್ಕಳು, ಅದಕ್ಕಿಂತ ಜಾಸ್ತಿ ಇಲ್ಲ. ಅದು ಕಾನೂನು. ನಮ್ಮೂರಿನ ಹಾಗೆ ಎಂಎಲ್‌ಎ ಲೆಟರ್ ತಂದು ಇನ್ನೊಂದು ಬೆಂಚ್ ಹಾಕಿಸೋಕೆ ಆಗಲ್ಲ. ಅಪೀಲು ಹಾಕಿದೆ, ಸೋತೆ. ವೇಟಿಂಗ್ ಲಿಸ್ಟಿನಲ್ಲಿ ನಾಲ್ಕನೇ ನಂಬರ್ ಇತ್ತು. ಜನವರಿಯಲ್ಲಿ ಕೇಳಿದರೆ ಆರು! ಅಣ್ಣನೋ ಅಕ್ಕನೋ ಅದೇ ಶಾಲೆಯಲ್ಲಿರುವ ಮಗು ಬಂದರೆ ನಿಮ್ಮನ್ನು ಹಿಂದೆ ತಳ್ಳುತ್ತಾರೆ. ರೇಷನ್ ಅಂಗಡಿ ಕ್ಯೂನಲ್ಲೂ ನಾನು ಹೀಗೆ ಹಿಂದಕ್ಕೆ ನಡೆದಿಲ್ಲ.

ಕೌನ್ಸಿಲ್ ಕೊಟ್ಟದ್ದು 1.8 ಮೈಲಿ ದೂರದ ಶಾಲೆ. ಎಂಟು ವರ್ಷದೊಳಗಿನವರಿಗೆ ಉಚಿತ ವಾಹನ ಬೇಕಾದರೆ 2 ಮೈಲಿ ದಾಟಿರಬೇಕಂತೆ. ಮಳೆಯಲ್ಲಿ ದಿನಾ ನಡೆದೆವು. ಪಕ್ಕದ ಶಾಲೆಯ ಬೆಲ್ ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು, ಅದು ಬೇರೆ ಉರಿ. ನಿಜ ಹೇಳಬೇಕೆಂದರೆ ದೂರದ ಆ ಶಾಲೆ ಚೆನ್ನಾಗಿಯೇ ಇತ್ತು. 1,400ರ ಮನೆ ಇದ್ದದ್ದು ಅದರ ಹಿಂದಿನ ರಸ್ತೆಯಲ್ಲಿ!

ಹೋಗುವವರು ಮೊದಲು ಕೌನ್ಸಿಲ್‌ನ ಅಡ್ಮಿಷನ್ಸ್ ವಿಭಾಗಕ್ಕೆ ಮೇಲ್ ಹಾಕಿ. ನಿಮ್ಮ ಮಗುವಿನ ಕ್ಲಾಸಿಗೆ ಯಾವ ಶಾಲೆಯಲ್ಲಿ ಜಾಗ ಇದೆ ಅಂತ ಕೇಳಿ. ಆಮೇಲೆ ಮನೆ. ಅವಧಿಗೆ ಮುಂಚೆ ಮನೆ ಬಿಡಲು ದಾರಿಯಿಲ್ಲದ ಬಾಡಿಗೆ ಕರಾರಿಗೆ ಸಹಿ ಹಾಕಬೇಡಿ. ಮತ್ತೆ, ಹೆಂಡತಿ ಫೋನ್ ಮಾಡಿ ಅಂದರೆ ಫೋನ್ ಮಾಡಿ.

ದುಡ್ಡು ವಾಪಸ್ ಕೇಳಿದ್ದಕ್ಕೆ "ಸರ್ವಿಸ್ ಡೆಲಿವರ್ ಆಗಿದೆ ಸರ್" ಅಂತ ಬಂತು, ಕೊನೆಗೊಂದು ಕೈಮುಗಿದ ಇಮೋಜಿ. ಮಾರನೇ ದಿನದಿಂದ ಅವನ ಡಿಪಿ ಕಾಣಿಸುತ್ತಿಲ್ಲ.